ಮೂರು ಗೀರಿನ ಮುದ್ದೆ ಕೋಲು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೈದರಲ್ಲಿ, ಎಂಟನೇ ಕ್ಲಾಸಿನ ಗಣಿತದ ಪರೀಕ್ಷೆಯ ದಿನ. ಫೇಲಾಗಿ ಬಿಟ್ಟವನಲ್ಲ, ಮೇಷ್ಟರು ಹೊಡೆದರೆಂದು ಬಿಟ್ಟವನೂ ಅಲ್ಲ. ತಾಯಲೂರಿನ ಸ್ಕೂಲಿನಲ್ಲಿ ನನ್ನ ನಂಬರಿನ ಜಾಗ ಖಾಲಿ ಬಿದ್ದಿದ್ದ ಹೊತ್ತಿನಲ್ಲಿ ನಾನು ಶ್ರೀನಿವಾಸಪುರದ ಕಡೆಯ ಒಂದು ಒಣ ತೊರೆಯಲ್ಲಿ ಅಂಗಾತ ಮಲಗಿಕೊಂಡು ನಮ್ಮ ಕಾರಿನ ಹೊಟ್ಟೆ ನೋಡುತ್ತಿದ್ದೆ. ಈಗ ಮುಳಬಾಗಿಲಿನ ನನ್ನ ಗ್ಯಾರೇಜಿಗೆ ಕಾರು ತರುವ ಇಂಜಿನಿಯರುಗಳು ಈ ಕೆಲಸ ಎಲ್ಲಿ ಕಲಿತಿರಿ ಎಂದು ಕೇಳಿದರೆ, ನಮ್ಮ ಅಡುಗೆಮನೆಯಲ್ಲಿ ಎನ್ನುತ್ತೇನೆ. ನಗುತ್ತಾರೆ. ನಾನು ನಗಿಸಲು ಹೇಳಿದ ಮಾತಲ್ಲ ಅದು.

ನಮ್ಮ ಊರು ನಂಗಲಿಗೂ ತಾಯಲೂರಿಗೂ ನಡುವೆ, ಕೆರೆಯ ಕೆಳಗೆ ನಲವತ್ತು ಮನೆ. ನಮ್ಮದು ಕಲ್ಲು ಚಪ್ಪಡಿ ಹೊದಿಸಿದ ಮನೆ, ಬೇಸಿಗೆಯಲ್ಲಿ ಒಳಗೆ ಕೂತರೆ ರೊಟ್ಟಿ ಹೆಂಚಿನ ಕೆಳಗೆ ಕೂತ ಹಾಗೆ. ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಗೋಡೆಗೆ ಆನಿಸಿ ದನದ ಕೊಟ್ಟಿಗೆ. ಅಪ್ಪ ಕಾರು ತಂದ ದಿನ ಹಸು ಆಚೆ ಹುಣಸೆ ಮರದ ಕೆಳಗೆ ಹೋಯಿತು, ಕಾರು ಕೊಟ್ಟಿಗೆಗೆ ಬಂತು. ಗೋದಲಿ ಒಡೆಯಲು ಅಮ್ಮ ಬಿಡಲಿಲ್ಲ, ಹಾಗಾಗಿ ಕಾರಿನ ಮೂತಿ ಗೋದಲಿಗೆ ತಾಗಿಕೊಂಡೇ ನಿಲ್ಲುತ್ತಿತ್ತು. ಅಡುಗೆಮನೆಗೂ ಕೊಟ್ಟಿಗೆಗೂ ನಡುವೆ ಒಂದು ಮೊಳದ ಕಿಂಡಿ ಇತ್ತು. ಮೊದಲು ಅಮ್ಮ ಅದರಲ್ಲಿ ಹಸುವಿಗೆ ಅಕ್ಕಿ ತೊಳೆದ ನೀರು ಕೊಡುತ್ತಿದ್ದಳು. ಆಮೇಲೆ ಅದೇ ಕಿಂಡಿಯಲ್ಲಿ ಕಾರಿನ ರೇಡಿಯೇಟರಿಗೆ ನೀರು ಕೊಟ್ಟಳು. ನಮ್ಮ ಅಜ್ಜಿ, ಅವ್ವ ಎಂದು ನಾವು ಕರೆಯುತ್ತಿದ್ದವಳು, ಮೊದಲ ವಾರವೆಲ್ಲ ಬಾಯಿ ಮುಚ್ಚಲಿಲ್ಲ.

"ಹಾಲು ಕೊಡೋದನ್ನ ಆಚೆ ಕಟ್ಟಿ, ಹೊಗೆ ಕೊಡೋದನ್ನ ಒಳಗೆ ಕಟ್ಟವ್ನೆ ನನ್ ಮಗ. ನಾಳೆ ಅದಕ್ಕೂ ಹುಲ್ಲು ಹಾಕೂಂತಾನೆ ನೋಡ್ತಿರು."

ಆ ಕಾಲದಲ್ಲಿ ಸೆಡಾನು ಎಂಬ ಮಾತು ನಮಗೆ ಗೊತ್ತಿರಲಿಲ್ಲ. ಡಿಕ್ಕಿ ಕಾರು ಎನ್ನುತ್ತಿದ್ದೆವು. ಕೆನೆ ಬಣ್ಣದ, ಉದ್ದ ಹಿಂಭಾಗದ, ಕೋಲಾರದ ಒಬ್ಬ ವಯಸ್ಸಾದ ಡಾಕ್ಟರು ಓಡಿಸಿ ಬಿಟ್ಟಿದ್ದ ಕಾರು. ಅಪ್ಪ ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಲಾರಿ ಓಡಿಸಿದವನು. ನಂಗಲಿಯ ಚೆಕ್‌ಪೋಸ್ಟಿನಲ್ಲಿ ಅವನ ಹಾರನ್ ಕೇಳಿದರೆ ಟೀ ಅಂಗಡಿಯವನು ಗ್ಲಾಸು ತೊಳೆಯಲು ಶುರು ಮಾಡುತ್ತಿದ್ದನಂತೆ. ಕ್ಲಚ್ ತುಳಿದು ತುಳಿದು ಎಡಮಂಡಿ ಕೆಟ್ಟಮೇಲೆ ಲಾರಿ ಬಿಟ್ಟು ಈ ಕಾರು ತಂದು ಬಾಡಿಗೆಗೆ ಇಟ್ಟ. ಮದುವೆಗೆ, ಆಸ್ಪತ್ರೆಗೆ, ಮಾಲೂರಿನಲ್ಲಿ ರೈಲು ಹಿಡಿಯುವವರಿಗೆ. ಹೋಬಳಿಯಲ್ಲಿ ಅಪ್ಪನಷ್ಟು ಹಗುರವಾಗಿ ಸ್ಟೇರಿಂಗ್ ಹಿಡಿಯುವವನು ಇನ್ನೊಬ್ಬ ಇರಲಿಲ್ಲ, ಇದನ್ನು ನಾನು ಮಗನಾಗಿ ಅಲ್ಲ, ಕೆಲಸ ಬಲ್ಲವನಾಗಿ ಹೇಳುತ್ತೇನೆ. ಆದರೆ ಅಪ್ಪ ಲಾರಿಯಿಂದ ಇಳಿದನೇ ಹೊರತು ಲಾರಿ ಅಪ್ಪನೊಳಗಿಂದ ಇಳಿಯಲಿಲ್ಲ. ಲಾರಿಯವರಿಗೆ ಒಂದು ನೇಮ ಉಂಟು: ಹೋಗುವಾಗ ಲೋಡು ಇರಬೇಕು, ಬರುವಾಗಲೂ ಇರಬೇಕು. ಅಪ್ಪ ಅದನ್ನು ದೇವರ ಮಾತಿನಂತೆ ಪಾಲಿಸುತ್ತಿದ್ದ.

"ಖಾಲಿ ಗಾಡಿ ಓಡ್ಸೋನು ಡ್ರೈವರ್ ಅಲ್ಲ ಕಣೋ. ಮೇಯಿಸೋಕೆ ಹೋದೋನು."

ಹಾಗಾಗಿ ಮಾಲೂರಿಗೆ ಯಾರನ್ನೋ ಬಿಟ್ಟು ಬರುವಾಗ ಡಿಕ್ಕಿಯಲ್ಲಿ ಇಟ್ಟಿಗೆ. ಕೋಲಾರದಿಂದ ಬರುವಾಗ ಟೊಮ್ಯಾಟೊ. ಶ್ರೀನಿವಾಸಪುರದಿಂದ ಮಾವು. ಇಲ್ಲಿಂದ ಹೋಗುವಾಗ ಹುಣಸೆಹಣ್ಣಿನ ಮೂಟೆ. ಮನೆಯಲ್ಲಿ ಬೀಗ ಬೀಳುವ ಜಾಗ ಕಾರಿನ ಡಿಕ್ಕಿ ಒಂದೇ ಆದ್ದರಿಂದ ಬಿತ್ತನೆಯ ಕಡಲೆಕಾಯಿಯೂ ಅದರೊಳಗೇ. ಲಾರಿಗೆ ಸಲ್ಲುವುದು ಕಾರಿಗೆ ಸಲ್ಲದು ಎಂಬ ಯೋಚನೆ ಅಪ್ಪನ ತಲೆಗೆ ಬರಲೇ ಇಲ್ಲ. ಬಂದ ತಾಪತ್ರಯಗಳನ್ನೆಲ್ಲ ತಲೆಗೆ ಹಚ್ಚಿಕೊಂಡವಳು ಅಮ್ಮ. ಅವಳು ಒಂದು ಅಕ್ಷರ ಓದಿದವಳಲ್ಲ, ಸ್ಟೇರಿಂಗ್ ಮುಟ್ಟಿದವಳಲ್ಲ. ಆದರೆ ಮುದ್ದೆ ತಿರುವುತ್ತ ಆ ಕಿಂಡಿಯಿಂದ ಕಾರಿನ ಪ್ರತಿ ಸದ್ದನ್ನೂ ಕೇಳಿಸಿಕೊಂಡಿರುತ್ತಿದ್ದಳು.

ಟೊಮ್ಯಾಟೊ ಒಡೆದು ಡಿಕ್ಕಿ ನಾರಿದಾಗ ಅಪ್ಪ ಅಗರಬತ್ತಿ ಹಚ್ಚಿದ. ಕಾರು ಕೊಳೆತ ದೇವಸ್ಥಾನದ ಹಾಗೆ ನಾರಿತು. ಅಮ್ಮ ಒಲೆಯ ಇದ್ದಲು ತಣ್ಣಗಾದ ಮೇಲೆ ಹಳೇ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಒಳಗಿಟ್ಟಳು, ವಾಸನೆ ಹೋಯಿತು. ಕಡಲೆಕಾಯಿಗೆ ಇಲಿ ಬಂದು ವೈರು ಕಡಿದಾಗ ಅಪ್ಪ ಇಲಿ ಬೋನು ತರಲು ಓಡಿದ. ಅಮ್ಮ ಡಿಕ್ಕಿಯ ಮೂಲೆಮೂಲೆ ಗುಡಿಸಿ ಒಂದು ಕಾಳೂ ಉಳಿಯದ ಹಾಗೆ ಮಾಡಿ, ಕಾರು ನಿಂತಾಗಲೆಲ್ಲ ಬಾನೆಟ್ ಎತ್ತಿ ಇಡಿಸಿದಳು. "ಬೆಳಕಿರೋ ಕಡೆ ಇಲಿ ಸಂಸಾರ ಮಾಡಲ್ಲ" ಎನ್ನುವುದು ಅವಳ ಮಾತು. ಬ್ಯಾಟರಿಯ ಕಿವಿಗಳ ಮೇಲೆ ಬಿಳಿ ಬೂಷ್ಟು ಬೆಳೆದು ಬೆಳಿಗ್ಗೆ ಕಾರು ಗೊರಗೊರ ಎಂದು ಮಲಗಿಬಿಡುತ್ತಿತ್ತು. ಅದಕ್ಕೆ ಸ್ನಾನದ ಹಂಡೆಯ ಬಿಸಿನೀರು ಒಂದು ಚೊಂಬು, ಒಣ ಬಟ್ಟೆಯಲ್ಲಿ ಒರೆಸಿ, ತಲೆಗೆ ಹಚ್ಚುವ ಎಣ್ಣೆ ಒಂದು ಬೆರಳು. ಮಳೆಯಲ್ಲಿ ಮುಂದಿನ ಗಾಜು ಮಂಜಾದರೆ ಆಲೂಗಡ್ಡೆ ಕೊಯ್ದು ಒಳಗಡೆ ಉಜ್ಜುವುದು. ಬಾಗಿಲು ಕಿರ್ರೆಂದರೆ ಮೇಣದ ಬತ್ತಿ. ಏಪ್ರಿಲ್ ಬಿಸಿಲಲ್ಲಿ ಸೀಟು ಕಾದರೆ ಹಳೇ ಸೀರೆ ನೆನೆಸಿ ಹಿಂಡಿ ಹಾಸಿ, ಎದುರುಬದುರು ಬಾಗಿಲು ತೆಗೆದು ಬೀಸುವ ಗಾಳಿಗೆ ಬಿಡುವುದು. ಮುಂದೆ ನಾನು ಕೆಲಸ ಕಲಿತ ಗ್ಯಾರೇಜುಗಳಲ್ಲಿ ಇವನ್ನೆಲ್ಲ ಡಬ್ಬಿಯಲ್ಲಿ, ಸೀಸೆಯಲ್ಲಿ ತುಂಬಿ ಮಾರುವುದನ್ನು ಕಂಡೆ. ಡಬ್ಬಿಯೊಳಗೆ ಅಮ್ಮನೇ ಕೂತಿದ್ದಾಳೆ ಅನ್ನಿಸುತ್ತಿತ್ತು.

ಅವ್ವನನ್ನು ಆ ಕಾರಿಗೆ ಹತ್ತಿಸುವುದೇ ಒಂದು ದೊಡ್ಡ ರಂಪ. ಜೀಪಾದರೆ ಹತ್ತಬೇಕು, ಎತ್ತಿನ ಗಾಡಿಯಾದರೂ ಹತ್ತಬೇಕು, ಇದಕ್ಕೆ ಮಾತ್ರ ಇಳಿಯಬೇಕು. ಅಷ್ಟು ತಗ್ಗು. ಅವ್ವ ಮೊದಲು ಒಂದು ಕಾಲು ಒಳಗಿಟ್ಟು, ತಲೆ ಹೊಡೆಸಿಕೊಂಡು, ಅಪ್ಪನ ಹುಟ್ಟನ್ನು ಬೈದು, ಮತ್ತೆ ಆಚೆ ಬರುತ್ತಿದ್ದಳು. ಅಮ್ಮ ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ಸೀಟಿನ ಅಂಚಿಗೆ ಒಂದು ನುಣ್ಣನೆಯ ಹಳೇ ರೇಷ್ಮೆ ಸೀರೆಯ ತುಂಡು ಹಾಸಿದಳು.

"ಅತ್ತೆ, ಕಾಲು ಮರ್ತುಬಿಡಿ. ಆಚೆ ಮುಖ ಮಾಡಿ, ಜಗಲಿ ಮೇಲೆ ಕೂತಂಗೆ ಮೊದ್ಲು ಕೂತ್ಕಳಿ. ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಕ್ಕೆ ತಿರುಗಿಸ್ಕಳಿ."

ಅವ್ವ ಕೂತಳು, ರೇಷ್ಮೆಯ ಮೇಲೆ ಸರ್ರನೆ ತಿರುಗಿದಳು, ರಾಣಿಯ ಹಾಗೆ ಮುಂದೆ ನೋಡಿದಳು. ಮಂಡಿ ನೋವಿನ ಗಿರಾಕಿಗಳಿಗೆ ನಾನು ಈವತ್ತಿಗೂ ಹೇಳುವುದು ಇಷ್ಟೇ: ಮೊದಲು ಕೂರಿ, ಆಮೇಲೆ ಕಾಲು.

ಆದರೆ ಎಲ್ಲಕ್ಕಿಂತ ದೊಡ್ಡ ಪೀಡೆ ಅದರ ಹೊಟ್ಟೆ. ನಮ್ಮ ಕಡೆಯ ದಾರಿಗಳೆಲ್ಲ ಎತ್ತಿನ ಗಾಡಿಯ ದಾರಿ. ಎರಡು ಕಡೆ ಚಕ್ರ ಹೂತ ಜಾಡು, ನಡುವೆ ಹುಲ್ಲು ಬೆಳೆದ ಬೆನ್ನು. ಗಾಡಿಗೆ ಸರಿ, ಲಾರಿಗೂ ಸರಿ. ಡಿಕ್ಕಿ ಕಾರು ಆ ಜಾಡಿನಲ್ಲಿ ಇಳಿದರೆ ನಡುವಿನ ಬೆನ್ನು ಅದರ ಹೊಟ್ಟೆಯನ್ನು ಉಜ್ಜುತ್ತಿತ್ತು. ಡಿಕ್ಕಿಯಲ್ಲಿ ಮೂಟೆ ಇದ್ದರಂತೂ ಹಿಂಭಾಗ ಮೊಟ್ಟೆ ಇಡಲು ಕೂತ ಕೋಳಿಯ ಹಾಗೆ ಕುಸಿದಿರುತ್ತಿತ್ತು. ರತ್ನಕ್ಕ ನನ್ನ ಒಬ್ಬಳೇ ಅಕ್ಕ. ಅವಳನ್ನು ಶ್ರೀನಿವಾಸಪುರ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದೆವು. ಮದುವೆಯಾದ ಮೇಲೆ ಮೊದಲ ಸಲ ನಾವು ಅವಳನ್ನು ನೋಡಲು ಹೋದಾಗ ಅಪ್ಪ ಡಿಕ್ಕಿ ತುಂಬ ಹುಣಸೆಹಣ್ಣು ಹೇರಿದ್ದ. ಅವರ ಊರಿಗೆ ಮುಂಚೆ ಒಂದು ತೊರೆ. ಅಲ್ಲಿ ಕಾರಿನ ಸೈಲೆನ್ಸರು ಕಲ್ಲಿಗೆ ಸಿಕ್ಕಿ ಕಿತ್ತುಹೋಯಿತು. ಆಮೇಲೆ ಅದು ಮಾಡಿದ ಸದ್ದಿಗೆ ದನಗಳು ಹಗ್ಗ ಕಿತ್ತವು, ಊರಿಗೆ ಊರೇ ಬೀದಿಗೆ ಬಂತು. ಅಕ್ಕನ ಅತ್ತೆ ಗಂಗುಲಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮನೆಮಾತು ತೆಲುಗು, ನಾಲಿಗೆ ಹುಣಸೆ ಹುಳಿ.

"ಏಮಮ್ಮಾ, ಮೀ ಕಾರುಕಿ ದಗ್ಗಾ?"

ನಿಮ್ಮ ಕಾರಿಗೆ ಕೆಮ್ಮೇನಮ್ಮಾ ಎಂದು ಕೇಳಿದ್ದು. ಬೀದಿ ಗೊಳ್ಳೆಂದು ನಕ್ಕಿತು. ಅಪ್ಪ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಕ್ಕ ಬಸುರಿಯಾಗಿ ಏಳನೇ ತಿಂಗಳು ಹತ್ತಿರ ಬಂತು. ಚೊಚ್ಚಲ ಹೆರಿಗೆ, ತವರಿಗೆ ಕರೆತರಬೇಕು. ಅಮ್ಮ ಬಸ್ಸು ಹತ್ತಿ, ಕೊನೆಗೆ ಮೂರು ಮೈಲಿ ನಡೆದು ಬೀಗರ ಮನೆಗೆ ಕೇಳಲು ಹೋದಳು, ನನ್ನನ್ನು ಜೊತೆಗೆ ಕರೆದುಕೊಂಡು. ಗಂಗುಲಮ್ಮ ಊಟಕ್ಕೆ ಏನೂ ಕಡಿಮೆ ಮಾಡಲಿಲ್ಲ, ಹಿತಕಿದ ಅವರೆಬೇಳೆಯ ಸಾರು, ಮುದ್ದೆಯ ಮೇಲೆ ತುಪ್ಪ. ಊಟವಾದ ಮೇಲೆ ಎಲೆ ಅಡಿಕೆ ಮುಂದಿಟ್ಟು ಹೇಳಿದಳು.

"ಬೀಗ್ರೇ, ನಿಮ್ಮ ಮಗಳು ನನಗೂ ಮಗಳೇ. ಅದಕ್ಕೇ ಹೇಳ್ತೀನಿ. ಬಸ್ಸಿಗೆ ನಡೆಸೋಕೆ ನಾನು ಬಿಡಲ್ಲ. ಎತ್ತಿನ ಗಾಡಿ ಕುಲುಕಾಟಕ್ಕೂ ಬಿಡಲ್ಲ. ಆ ಕೆಮ್ಮೋ ಕಾರಿಗಂತೂ ಬಿಡಲ್ಲ. ಹೆರಿಗೆ ಇಲ್ಲೇ ಆಗ್ಲಿ."

"ಕಾರು ಈಗ ಸರಿ ಹೋಗ್ಯದೆ ಬೀಗ್ರೇ."

"ಸರಿ ಹೋಗಿದ್ರೆ ನನ್ನ ಕಣ್ಣ ಮುಂದೆ ತೊರೆ ದಾಟಲಿ. ಬರೋವಾಗ್ಲೂ, ಹೋಗೋವಾಗ್ಲೂ. ತಳ ತಾಗಿದ ಸದ್ದು ಒಂದ್ಸಲ ನನ್ನ ಕಿವಿಗೆ ಬಿದ್ರೂ ಹುಡುಗಿ ಇಲ್ಲೇ. ಇನ್ನೊಂದು, ನಮ್ಮ ಮನೇಲಿ ಮಡಿಲಕ್ಕಿ ತುಂಬಿಸ್ಕೊಂಡು ಹತ್ತಿದೋಳು ತವರಿನ ಹೊಸ್ತಿಲು ಸಿಗೋವರೆಗೂ ಕೆಳಗೆ ಕಾಲಿಡಂಗಿಲ್ಲ. ಮಧ್ಯದಲ್ಲಿ ಇಳೀಸೋ ಆಟ ನಡೆಯಲ್ಲ."

ಅಮ್ಮ ಎಲೆ ಮಡಿಸುತ್ತ, "ಆಗ್ಲಿ" ಎಂದಳು. ಒಂದೇ ಮಾತು. ಬರುವಾಗ ಮೂರು ಮೈಲಿಯೂ ದಾರಿಯ ಜಾಡನ್ನೇ ನೋಡುತ್ತ ನಡೆದಳು. ಅವಳು ಆ ಷರತ್ತಿಗೆ ಒಪ್ಪಿದ ಕಾರಣ ನನಗೆ ಗೊತ್ತಿತ್ತು, ಅವ್ವ ಒಮ್ಮೆ ಹೇಳಿದ್ದಳು. ಅಕ್ಕನಿಗೂ ಮುಂಚೆ ಅಮ್ಮನಿಗೆ ಒಂದು ಗಂಡುಮಗು. ಅಮ್ಮನ ತವರಿನ ಗಾಡಿ ಬರಬೇಕಾದ ದಿನ ಕೀಲು ಮುರಿದು ನಿಂತಿತು. ಹೆರಿಗೆ ನಮ್ಮ ಊರಲ್ಲೇ ಆಯಿತು, ಸೂಲಗಿತ್ತಿ ಇನ್ನೊಂದು ಊರಿಗೆ ಹೋಗಿದ್ದಳು. ಮಗು ಉಳಿಯಲಿಲ್ಲ. ಈಗ ನಮ್ಮ ಊರಿಗೆ ನರ್ಸಮ್ಮ ಬರುತ್ತಿದ್ದಳು, ಮುಳಬಾಗಿಲಿನ ಆಸ್ಪತ್ರೆ ಹತ್ತಿರವಿತ್ತು. ಅಕ್ಕನ ಊರಿಗೆ ಎರಡೂ ಇರಲಿಲ್ಲ.

ಅಂದಿನಿಂದ ಅಮ್ಮ ಕಾರಿನ ಹೊಟ್ಟೆಯ ಹಿಂದೆ ಬಿದ್ದಳು. ಕಾರಿನ ಕೆಳಗೆ ಮೊಟ್ಟೆಯಿಡುವ ಕೋಳಿಯೊಂದಿತ್ತು. ಅದನ್ನು ಓಡಿಸಲು ಅವಳು ಸವೆದುಹೋದ ಒಂದು ಮುದ್ದೆ ಕೋಲನ್ನು ಇಟ್ಟುಕೊಂಡಿದ್ದಳು, ಅದೇ ಕೋಲು ನಿಲ್ಲದ ಡಿಕ್ಕಿ ಬಾಗಿಲಿಗೆ ಆಸರೆ ಕೂಡ. ಒಂದು ಬೆಳಿಗ್ಗೆ ಅವಳು ನನ್ನನ್ನು ಕರೆದು, ಕಾರಿನ ಕೆಳಗೆ ಮಲಗಿಸಿ, ಕೋಲನ್ನು ನೆಲಕ್ಕೆ ನೆಟ್ಟಗೆ ಊರಿಸಿ ಹಿಡಿಸಿದಳು. ಎಲ್ಲಿ ಕಾರಿನ ಅತಿ ಕೆಳಗಿನ ಕಬ್ಬಿಣ ಇದೆಯೋ ಅದರ ಮಟ್ಟಕ್ಕೆ ಉಗುರಿನಲ್ಲಿ ಗುರುತು ಮಾಡು ಎಂದಳು. ಕುಡುಗೋಲಿನಲ್ಲಿ ಅಲ್ಲಿಗೊಂದು ಗೀರು ಹಾಕಿದಳು. ಅದು ಖಾಲಿ ಕಾರು, ಒಂದು ಗೇಣಿಗೆ ಚೂರು ಕಡಿಮೆ. ಆಮೇಲೆ ಅಪ್ಪ, ಅವ್ವ, ಪಕ್ಕದ ಮನೆಯ ಇಬ್ಬರನ್ನು ಕರೆದು ಒಳಗೆ ಕೂರಿಸಿದಳು. ಎರಡನೇ ಗೀರು, ಎರಡು ಬೆರಳು ಕೆಳಗೆ. ಆಮೇಲೆ ಅವರನ್ನು ಕೂರಿಸಿಕೊಂಡೇ ಡಿಕ್ಕಿಗೆ ಮೂರು ಮೂಟೆ ಹಾಕಿಸಿದಳು. ಮೂರನೇ ಗೀರು ಮೊದಲನೆಯದಕ್ಕಿಂತ ನಾಲ್ಕು ಬೆರಳು ಕೆಳಗೆ ಬಿತ್ತು. ಕೋಲನ್ನು ಅಪ್ಪನ ಮುಖಕ್ಕೆ ಹಿಡಿದಳು.

"ನೋಡಯ್ಯಾ, ಇದು ನೀನು ದಿನಾ ತಗೊಂಡೋಗೋ ಕಾರು. ಇದು ಡಾಕ್ಟ್ರು ತಗೊಂಡೋಗ್ತಿದ್ ಕಾರು. ಒಂದೇ ಕಾರಲ್ಲಪ್ಪ ಇವು."

"ಕೋಲು ನೋಡ್ಕೊಂಡು ಕಾರು ಓಡ್ಸಕಾಯ್ತದೇನೇ? ಕುರಿ ಕಾಯೋಕೆ ಹೊಂಟಿದೀನಾ ನಾನು?"

"ದಾರೀಲಿ ಕಲ್ಲು ಸಿಕ್ರೆ ಪಕ್ಕದಲ್ಲಿ ಕೋಲು ನಿಲ್ಸು. ಕಲ್ಲು ಗೀರು ದಾಟಿದ್ರೆ ಜನ ಇಳೀಲಿ. ದಾಟ್ದೆ ಇದ್ರೆ ಕೂತ್ಕಳ್ಳಿ. ಇಷ್ಟಕ್ಕೆ ಲೈಸೆನ್ಸ್ ಬೇಕಾ?"

ಡಿಕ್ಕಿಗೆ ಇನ್ನು ಮೂಟೆ ಬೇಡ ಎಂದು ಅಮ್ಮ ಹೇಳಿದಳು. ಅಪ್ಪ ಮುದ್ದೆ ಮುರಿಯುವ ರೀತಿಯಲ್ಲೇ ಕೋಪ ಕಾಣುತ್ತಿತ್ತು. ಕೊನೆಗೆ ಅಕ್ಕನನ್ನು ಕರೆತರುವ ದಿನದ ಮಟ್ಟಿಗೆ ಖಾಲಿ ಡಿಕ್ಕಿ ಎಂದು ಒಪ್ಪಿದ. ಪುರೋಹಿತರು ಕೊಟ್ಟ ಆ ದಿನ ಗುರುವಾರ. ನನ್ನ ಗಣಿತದ ಪರೀಕ್ಷೆಯೂ ಅದೇ ಗುರುವಾರ. ಕಾರಿನ ಕೆಳಗೆ ಮಲಗಿ ಕೋಲು ಹಿಡಿಯಲು ಅಪ್ಪನ ಮಂಡಿ ಮಡಿಯುತ್ತಿರಲಿಲ್ಲ, ಅಮ್ಮನಿಗೆ ದಾರಿ ನೋಡುವ ಕೆಲಸ. ಪರೀಕ್ಷೆ ಬುಧವಾರವೇ ಮುಗಿಯಿತು ಎಂದು ನಾನು ಸುಳ್ಳು ಹೇಳಿದೆ. ಅಮ್ಮ ನನ್ನ ಮುಖವನ್ನು ಎರಡು ಸಲ ನೋಡಿದಳು, ಆದರೆ ಅವತ್ತು ಅವಳ ಮನಸ್ಸು ತೊರೆಯಲ್ಲಿತ್ತು.

ತೊರೆಗೆ ಬಂದಾಗ ಆಚೆ ದಡದಲ್ಲಿ ಹೊಂಗೆ ಮರದ ಕೆಳಗೆ ಗಂಗುಲಮ್ಮ ಕೂತಿದ್ದಳು, ಜೊತೆಗೆ ನಾಲ್ಕೈದು ಹೆಂಗಸರು, ನಡುವೆ ಎಲೆ ಅಡಿಕೆಯ ತಟ್ಟೆ. ನಾಟಕ ನೋಡಲು ಬಂದವರ ಹಾಗೆ. ತೊರೆಯಲ್ಲಿ ನೀರಿಲ್ಲ, ಮರಳು, ಆಳದ ಜಾಡು, ಜಾಡುಗಳ ನಡುವೆ ಕಲ್ಲು ಎದ್ದ ಬೆನ್ನು. ಅಮ್ಮ ಇಳಿದು ಕೋಲು ನಿಲ್ಲಿಸಿದಳು. ಕಲ್ಲು ಮೊದಲ ಗೀರನ್ನೇ ದಾಟಿತ್ತು. ಅಂದರೆ ಖಾಲಿ ಕಾರು ಕೂಡ ತಾಗುತ್ತದೆ.

"ಜಾಡಿಗೆ ಇಳೀಬೇಡ. ಒಂದು ಗಾಲಿ ಬೆನ್ನ ಮೇಲೆ, ಇನ್ನೊಂದು ಜಾಡಿನ ಅಂಚಿನ ಮೇಲೆ. ಓರೆ ಹೋಗು."

"ಓರೆನಾ? ಹೆದ್ದಾರೀಲಿ ಇಪ್ಪತ್ತೊರ್ಷ ನೆಟ್ಟಗೆ ಓಡ್ಸಿದ ಕೈ ಇದು. ಅವ್ರೆದ್ರಿಗೆ ಏಡಿ ತರ ಹೋಗ್ಲಾ?"

"ಬಿಂದಿಗೆ ಹೊತ್ತು ಬದು ದಾಟೋವಾಗ ನಾನು ನೆಟ್ಟಗೆ ದಾಟ್ತೀನಾ? ಒಂದೊಂದೇ ಕಾಲು ಓರೆ ಇಟ್ಟು ದಾಟ್ತೀನಿ. ಇಪ್ಪತ್ತೊರ್ಷದಾಗೆ ಒಂದು ಬಿಂದಿಗೆ ಒಡೆದಿಲ್ಲ ನಾನು. ನಿಂದು ಎಷ್ಟು ಸೈಲೆನ್ಸರ್ ಹೋಯ್ತು?"

ಅಪ್ಪ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಆಚೆ ದಡ ನೋಡಿದ. ಗಂಗುಲಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿದ್ದಳು. ನಾನು ಕಾರಿನ ಪಕ್ಕದಲ್ಲಿ ಮರಳ ಮೇಲೆ ಮಲಗಿ, ಹೊಟ್ಟೆಗೂ ಕಲ್ಲಿಗೂ ನಡುವಿನ ಬೆಳಕು ನೋಡುತ್ತಿದ್ದೆ. ಬೆಳಕು ಇರುವವರೆಗೆ ಭಯವಿಲ್ಲ. ಅಪ್ಪ ಸ್ಟೇರಿಂಗ್ ತಿರುಗಿಸಿದ. ಕಾರು ಓರೆಯಾಯಿತು. ಒಂದು ಗಾಲಿ ಏರಿತು, ನಿಂತಿತು, ಇನ್ನೊಂದು ಏರಿತು. ಬೆಳಕು ಎರಡು ಬೆರಳಾಯಿತು, ಒಂದು ಬೆರಳಾಯಿತು, ಮತ್ತೆ ಎರಡಾಯಿತು. ಕಾರು ಆಚೆ ದಡ ಸೇರಿದಾಗ ಒಂದು ಹರಳು ಕೂಡ ಸದ್ದು ಮಾಡಿರಲಿಲ್ಲ. ಅಷ್ಟು ಸೂಕ್ಷ್ಮವಾಗಿ ಕ್ಲಚ್ಚು ಹಿಡಿಯುವುದು ಆ ಕೆಟ್ಟ ಮಂಡಿಯ ಮನುಷ್ಯನಿಂದ ಮಾತ್ರ ಸಾಧ್ಯವಿತ್ತು. ದಾರಿ ಅಮ್ಮನದು, ಕಾಲು ಅಪ್ಪನದು.

ಗಂಗುಲಮ್ಮ ಎದ್ದು ಸೀರೆ ಕೊಡವಿದಳು.

"ಸರ್ಲೇ. ಖಾಲಿ ಬಂತು, ವಾಲ್ಕೊಂಡು ಬಂತು. ಹೋಗೋವಾಗ ಹಿಂಗೇ ವಾಲಿದ್ರೆ ಹೊಟ್ಟೆ ಹೊತ್ತ ಹುಡುಗಿ ಒಳಗೆ ಉರುಳ್ತಾಳೆ. ಓರೆ ಆಗಲ್ಲ. ನೆಟ್ಟಗೆ ಹೋಗ್ಬೇಕು."

ಅವಳ ಮಾತಿನಲ್ಲಿ ಹಟ ಇರಲಿಲ್ಲ, ನ್ಯಾಯವಿತ್ತು. ಅಮ್ಮನಿಗೂ ಅದು ಗೊತ್ತಾಯಿತು. ಮಡಿಲಕ್ಕಿ ತುಂಬುವ ಶಾಸ್ತ್ರ ನಡೆದಷ್ಟು ಹೊತ್ತೂ ಅವಳ ಕಣ್ಣು ಬಾಗಿಲಾಚೆ ಇತ್ತು. ಅಕ್ಕ ಹಸಿರು ಸೀರೆಯುಟ್ಟು ಬಂದು, ರೇಷ್ಮೆ ತುಂಡಿನ ಮೇಲೆ ಮೊದಲು ಕೂತು, ಆಮೇಲೆ ಕಾಲು ತಿರುಗಿಸಿಕೊಂಡಳು. ಎಲ್ಲರೂ ಕಾರಿನ ಹಿಂದೆ ನಡೆದು ತೊರೆಗೆ ಬಂದೆವು. ಇನ್ನು ಅವಳು ಇಳಿಯುವಂತಿಲ್ಲ, ಓರೆ ಹೋಗುವಂತಿಲ್ಲ, ನೆಟ್ಟಗೆ ಹೋದರೆ ತಳ ತಾಗುತ್ತದೆ. ಭಾರ ಇಳಿಸಲು ಸ್ಟೆಪ್ನಿ ಚಕ್ರವನ್ನಾದರೂ ತೆಗೆಯೋಣ ಎಂದು ಅಮ್ಮ ಡಿಕ್ಕಿ ತೆಗೆಸಿ, ಕೋಲಿನ ಆಸರೆ ಕೊಟ್ಟು, ಒಳಗೆ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಚಕ್ರದ ಕೆಳಗೆ ಮಡಿಸಿಟ್ಟ ಆರು ಖಾಲಿ ಗೋಣಿಚೀಲ.

"ಇದೇನಯ್ಯಾ?"

ಅಪ್ಪ ಮೂಗು ಕೆರೆದುಕೊಂಡ.

"ಅಲ್ಲ... ಈ ಕಡೆ ಹುಣಸೆಹಣ್ಣು ಚೆನ್ನಾಗದೆ ಅಂದ್ರು. ಬರೋವಾಗ ಖಾಲಿ ಯಾಕೆ ಅಂತ..."

ಅಮ್ಮ ಅವತ್ತು ಅವನನ್ನು ಬೈದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವಳು ಚೀಲಗಳನ್ನು ನೋಡಿದಳು, ಜಾಡು ನೋಡಿದಳು, ಮತ್ತೆ ಚೀಲ ನೋಡಿದಳು. ಒಂದನ್ನು ತೆಗೆದು ನನ್ನ ಕೈಗೆ ಎಸೆದಳು.

"ತುಂಬ್ಲಾ ಮರಳು. ನಡುವಿನ ಬೆನ್ನು ಕಡಿಯೋಕೆ ನಮ್ಮ ಕೈಲಾಗಲ್ಲ. ಜಾಡು ತುಂಬಿದ್ರೆ ಕಾರೇ ಮೇಲಕ್ಕೆ ಬರ್ತದೆ."

ಆರು ಚೀಲಗಳನ್ನೂ ಅರ್ಧರ್ಧ ತುಂಬಿ, ಜಾಡಿನಲ್ಲಿ ಚಪ್ಪಟೆ ಮಲಗಿಸಿ, ತುಳಿದು ಗಟ್ಟಿ ಮಾಡಿದೆವು. ಆ ಕಡೆ ಮೂರು, ಈ ಕಡೆ ಮೂರು. ನಡುವೆ ಎಲ್ಲೋ ಗಂಗುಲಮ್ಮ ಸೆರಗು ಸಿಕ್ಕಿಸಿಕೊಂಡು ಬಂದು, ಬೊಗಸೆಯಲ್ಲಿ ಮರಳು ಎತ್ತಿ ಹಾಕತೊಡಗಿದ್ದಳು. ಉಳಿದ ಹೆಂಗಸರೂ ಬಂದರು. ಅಮ್ಮ ಎರಡನೇ ಗೀರಿಗೆ ಬೆರಳಿಟ್ಟು, ತುಂಬಿದ ಜಾಡಿನ ಮೇಲಿಂದ ಕೋಲು ನಿಲ್ಲಿಸಿದಳು. ಕಲ್ಲು ಗೀರಿಗಿಂತ ಒಂದು ಬೆರಳು ಕೆಳಗೇ ನಿಂತಿತು. ಅಪ್ಪ ಕಾರು ಬಿಟ್ಟ. ಒಳಗೆ ಅಕ್ಕ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ಗಂಗುಲಮ್ಮ ಬರಿಗಾಲಿನಲ್ಲಿ ಕಾರಿನ ಮುಂದೆ ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ, ಕಾಲಿಗೆ ಸಿಕ್ಕಿದ ಕಲ್ಲನ್ನೆಲ್ಲ ಒದ್ದು ಪಕ್ಕಕ್ಕೆ ಹಾಕುತ್ತ, ಕೈಯಾಡಿಸಿ ಕರೆಯುತ್ತಿದ್ದಳು.

"ಮೆಲ್ಲಗ ರಾ ತಲ್ಲೀ, ಮೆಲ್ಲಗ ರಾ."

ಮೆಲ್ಲಗೆ ಬಾ ತಾಯಿ ಎಂದು ಅವಳು ಕರೆದದ್ದು ಸೊಸೆಯನ್ನೋ ಕಾರನ್ನೋ ನನಗೆ ತಿಳಿಯಲಿಲ್ಲ. ನಾನು ಮತ್ತೆ ಮರಳಿಗೆ ಬೆನ್ನು ಕೊಟ್ಟು ಬೆಳಕು ನೋಡುತ್ತಿದ್ದೆ. ಉದ್ದಕ್ಕೂ ಒಂದು ಬೆರಳು ಬೆಳಕು ಇತ್ತು. ಹಿಂದಿನ ಚಕ್ರ ಕೊನೆಯ ಚೀಲ ಇಳಿದು ದಡ ಹತ್ತಿತು. ಸದ್ದಿಲ್ಲ. ಗಂಗುಲಮ್ಮ ಕಿವಿಯ ಹಿಂದೆ ಕೈಯಿಟ್ಟು ಇನ್ನೂ ಒಂದು ಗಳಿಗೆ ಕೇಳಿಸಿಕೊಂಡಳು. ಆಮೇಲೆ ಅಮ್ಮನ ಕಡೆ ತಿರುಗಿದಳು.

"ದಗ್ಗು ಪೋಯಿಂದಿ."

ಕೆಮ್ಮು ಹೋಯಿತು. ಅಮ್ಮ ನಕ್ಕಳು, ನಕ್ಕು ಅಲ್ಲೇ ಮರಳಿನಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಗಂಗುಲಮ್ಮ ಅಪ್ಪನಿಗೆ ಹೇಳಿದಳು:

"ಅಣ್ಣಯ್ಯಾ, ಚೀಲ ಕೊಡವ್ಕೊಳ್ಳಿ. ನಮ್ಮ ಮನೇಲೇ ಹಣ್ಣದೆ, ತುಂಬ್ಸಿ ಕಳಿಸ್ತೀನಿ."

"ಬೇಡ ಬೀಗ್ರೇ. ಚೀಲ ಅಲ್ಲೇ ಇರ್ಲಿ, ನಿಮ್ಮೂರೋರ್ಗೆ ದಾರಿ ಆಯ್ತದೆ. ನಾನು ಖಾಲಿ ಹೋಗ್ತೀನಿ."

ಕಾರಿನೊಳಗಿಂದ ಅಕ್ಕ ಮುಖ ಆಚೆ ಹಾಕಿದಳು.

"ಖಾಲಿ ಎಲ್ಲಪ್ಪಾ? ಹಿಂದೆ ಇಬ್ರು ಕೂತಿದೀವಿ."

ಆ ದಿನದ ನಂತರ ನಮ್ಮ ಡಿಕ್ಕಿಗೆ ಮೂಟೆ ಬಿದ್ದದ್ದು ನಾನು ಕಾಣೆ. ಅಪ್ಪ ನಂಗಲಿಯ ಟೀ ಅಂಗಡಿಯಲ್ಲಿ ಹಳೆಯ ಲಾರಿಯವರಿಗೆ ಓರೆ ಹೋಗುವ ವಿದ್ಯೆಯನ್ನು ತನ್ನದೇ ಎನ್ನುವ ಹಾಗೆ ಹೇಳಿಕೊಡುತ್ತಿದ್ದ. ಕೊನೆಯಲ್ಲಿ ಮಾತ್ರ, "ನಮ್ಮ ಮನೆಯೋಳು ಹೇಳಿದ್ದು" ಎಂದು ಮೆಲ್ಲಗೆ ಸೇರಿಸುತ್ತಿದ್ದ.

ನನ್ನ ಸುಳ್ಳು ಸೋಮವಾರದವರೆಗೆ ಉಳಿಯಿತು. ಗಣಿತದ ಮೇಷ್ಟರು ಅಮ್ಮನನ್ನು ಸಂತೆಯಲ್ಲಿ ಕಂಡು ಹೇಳಿದರು. ಸಂಜೆ ನಾನು ಊಟಕ್ಕೆ ಕೂತಾಗ ಅವಳು ತಟ್ಟೆ ಇಡಲಿಲ್ಲ.

"ಯಾಕ್ಲಾ ಹೋಗ್ಲಿಲ್ಲ?"

"ಕಾರಿನ ಕೆಳಗೆ ನೋಡೋರು ಯಾರಿದ್ರಮ್ಮಾ?"

ಅವಳು ಒಲೆಯ ಕಡೆ ತಿರುಗಿ ಬಹಳ ಹೊತ್ತು ಮುದ್ದೆ ತಿರುವಿದಳು. ಗಂಟು ಒಡೆದು ಎಷ್ಟೋ ಹೊತ್ತಾಗಿದ್ದರೂ ತಿರುವುತ್ತಲೇ ಇದ್ದಳು.

"ನಂಗೆ ಅಕ್ಷರ ಬರಲ್ಲ, ಅದಕ್ಕೇ ಕೋಲಿಗೆ ಗೀರು ಹಾಕ್ದೆ. ನೀನು ಅಕ್ಷರ ಬಿಟ್ಟು ಗೀರು ಹಾಕ್ಕೊಂಡೇ ಬದುಕ್ತೀಯೇನೋ?"

"ಬದುಕ್ತೀನಿ."

"ಹಂಗಾದ್ರೆ ಸರಿಯಾಗಿ ಹಾಕು. ಒಂದು ಬೆರಳು ಹೆಚ್ಚೂಕಮ್ಮಿ ಆದ್ರೆ ಒಳಗೆ ಕೂತಿರೋರ ಜೀವ."

ತಟ್ಟೆ ಇಟ್ಟಳು. ಮೇಷ್ಟರು ಇನ್ನೊಮ್ಮೆ ಪರೀಕ್ಷೆ ಕೂರಿಸುತ್ತೇನೆಂದು ಹೇಳಿ ಕಳಿಸಿದ್ದರು. ಒಳ್ಳೆಯ ಮನುಷ್ಯ, ನಾನು ಹೋಗಲಿಲ್ಲ. ಜೂನಿನಲ್ಲಿ ಕೋಲಾರದ ಒಂದು ಗ್ಯಾರೇಜಿಗೆ ಸೇರಿದೆ. ಓದಬೇಕಿತ್ತು ಎಂದು ಬ್ಯಾಂಕಿನ ಫಾರಂ ತುಂಬುವಾಗ ಒಮ್ಮೊಮ್ಮೆ ಅನ್ನಿಸಿದ್ದುಂಟು. ಕಾರಿನ ಕೆಳಗೆ ಮಲಗಿದಾಗ ಎಂದೂ ಅನ್ನಿಸಿಲ್ಲ. ಈಗಿನ ಕಾರುಗಳು ಬೇರೆ, ತಾಪತ್ರಯ ಅವೇ. ಹೊಸ ಸೆಡಾನು ತಂದವರು ರೋಡ್ ಹಂಪಿಗೆ ತಳ ತಾಗುತ್ತದೆಂದು ಅಳುತ್ತ ಬರುತ್ತಾರೆ. ಮೊದಲು ಡಿಕ್ಕಿ ತೆಗೆಯಿರಿ ಎನ್ನುತ್ತೇನೆ. ಹಳೇ ಚಪ್ಪಲಿ, ನೀರಿನ ಕ್ಯಾನು, ಹೋದ ವರ್ಷದ ಟೈಲ್ಸು, ಎಲ್ಲ ಇರುತ್ತದೆ. ಇಳಿಸಿ, ಚಕ್ರದ ಗಾಳಿ ಸರಿ ಮಾಡಿಸಿ, ಹಂಪನ್ನು ಮೆಲ್ಲಗೆ ಓರೆ ಹತ್ತಿಸಿ ಎಂದು ಕಳಿಸುತ್ತೇನೆ. ಅದಕ್ಕೆ ನಾನು ಏನೂ ತೆಗೆದುಕೊಳ್ಳುವುದಿಲ್ಲ. ಅದು ನನ್ನ ಸ್ವಂತದ ವಿದ್ಯೆಯಲ್ಲ.

ಈಗ ನನಗಿರುವುದು ಇಷ್ಟು. ಮುಳಬಾಗಿಲಿನಲ್ಲಿ ಗ್ಯಾರೇಜು ಒಂದು. ಕಾರು ಎತ್ತುವ ಲಿಫ್ಟು ಎರಡು. ಕೆಲಸಗಾರರು ಏಳು ಮಂದಿ. ಮನೆಯ ಮುಂದೆ ಸೆಡಾನು ಒಂದು, ಅದರ ಡಿಕ್ಕಿ ಖಾಲಿ. ಅಕ್ಕ ಒಬ್ಬಳು. ಅವತ್ತು ಅವಳ ಜೊತೆ ಹಿಂದಿನ ಸೀಟಿನಲ್ಲಿ ತೊರೆ ದಾಟಿದ ಅಕ್ಕನ ಮಗಳು ಒಬ್ಬಳು. ಮೂರು ಗೀರಿನ ಮುದ್ದೆ ಕೋಲು ಒಂದು.